ಇನಿಷಿಯಲ್ ಕಳೆದುಕೊಂಡ ಹೆಸರುಗಳು

ನಮ್ಮ ಹಳೇ ಮೈಸೂರು ಕಡೆ ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರೂ ಮೇಷ್ಟ್ರಿಗೆ ತೊಂದರೆಯಿಲ್ಲ. ಊರಿನದೊಂದು, ಅಪ್ಪನದೊಂದು ಅಕ್ಷರ ಸೇರಿಸಿ ಕರೆದರಾಯಿತು. ಪುಣೆಗೆ ಬಂದು, ಆ ಇನಿಷಿಯಲ್‌ಗಳನ್ನು ಫಾರ್ಮಿನ ಯಾವ ಚೌಕದಲ್ಲಿ ತುಂಬುವುದೆಂದು ಪೇಚಾಡಿದವರಿಗೆ ನೇಮ್‌ಸ್ಪೇಸ್‌ನ ಕತೆ ಬೇಗ ಅರ್ಥವಾದೀತು.

ಸಿ ಭಾಷೆಯಲ್ಲಿ ಹೆಸರಿಗೇ ಬರವಿತ್ತು. 1989ರ ಆನ್ಸಿ ಮಾನಕ ಕೂಡ, ಕಡತಗಳ ನಡುವೆ ಹಂಚಿಕೊಳ್ಳುವ ಹೆಸರಿನ ಮೊದಲ 6 ಅಕ್ಷರಗಳಿಗಷ್ಟೇ ಖಾತ್ರಿ ಕೊಟ್ಟಿತ್ತು. ಹಳೆಯ ಲಿಂಕರ್‌ಗಳ ಶಕ್ತಿಯೇ ಅಷ್ಟು. ಡಿಕ್ಕಿ ತಪ್ಪಿಸಲು ಲೈಬ್ರರಿಗಳು ತಮ್ಮ ಹೆಸರುಗಳಿಗೆ ಇನಿಷಿಯಲ್ ಹಚ್ಚಿದವು: ಓಪನ್‌ಜಿಎಲ್‌ಗೆ ಜಿಎಲ್, ನೆಕ್ಸ್ಟ್‌ಸ್ಟೆಪ್‌ಗೆ ಎನ್‌ಎಸ್. ನೆಕ್ಸ್ಟ್ ಕಂಪನಿಯನ್ನು ಆಪಲ್ ಕೊಂಡು ಎಷ್ಟೋ ವರ್ಷಗಳಾದವು. ಎನ್‌ಎಸ್‌ಸ್ಟ್ರಿಂಗ್ ಮಾತ್ರ ಐಫೋನ್ ಕೋಡಿನಲ್ಲಿ ಇನ್ನೂ ಉಳಿದಿದೆ.

ಸಿ++ ಸಮಿತಿ ನೇಮ್‌ಸ್ಪೇಸನ್ನು ಒಪ್ಪಿದ್ದು 1993ರಲ್ಲಿ. 1998ರ ಮೊದಲ ಐಎಸ್‌ಒ ಮಾನಕದ ಹೊತ್ತಿಗೆ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಸರುಗಳು ಎಸ್‌ಟಿಡಿ ಎಂಬ ಮನೆ ಸೇರಿದ್ದವು. ಜಾವಾ, ಕಂಪನಿಯ ಡೊಮೇನ್ ಹೆಸರನ್ನೇ ತಿರುಗಿಸಿ ಪ್ಯಾಕೇಜಿಗೆ ಇಡುವ ರೂಢಿ ತಂದಿತು. ಪಿಎಚ್‌ಪಿಗೆ ಈ ಸೌಲಭ್ಯ ಸಿಕ್ಕಿದ್ದು 2009ರಲ್ಲಿ, 5.3ನೇ ಆವೃತ್ತಿಯಲ್ಲಿ.

ಮನೆಯೇನೋ ಆಯಿತು, ಆದರೆ ಅದಕ್ಕೂ ಮೊದಲೇ ಬರೆದ ಕೋಡಿನ ಗತಿ? ಅದಕ್ಕಾಗಿ ‘ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ’ ಎಂಬ ಒಂದು ಸಾಲು ಸಾಕಿತ್ತು. ಸಿ++ ಜನಕ ಸ್ಟ್ರೌಸ್ಟ್ರಪ್ ಅದನ್ನು ಮುಖ್ಯವಾಗಿ ಹಳೆಯದರಿಂದ ಹೊಸದಕ್ಕೆ ದಾಟುವ ಸೇತುವೆಯೆಂದೇ ಕಂಡರು. ನಾವು ಸೇತುವೆಯ ಮೇಲೇ ಮನೆ ಕಟ್ಟಿದೆವು. ಲ್ಯಾಬ್ ರೆಕಾರ್ಡಿನ ಪ್ರತಿ ಪ್ರೋಗ್ರಾಮಿಗೂ ಅದೇ ಓಂಕಾರ.

ಕೆಲ ವರ್ಷಗಳ ಹಿಂದೆ ನನ್ನ ತಂಡ ಹಳೆಯ ವಿಂಡೋಸ್ ಪ್ರಾಜೆಕ್ಟೊಂದನ್ನು ಸಿ++17ಕ್ಕೆ ಏರಿಸಿತು. ಹೊಸ ಮಾನಕ ಎಸ್‌ಟಿಡಿಯೊಳಗೆ ‘ಬೈಟ್’ ಎಂಬ ಹೆಸರು ತಂದಿತ್ತು. ವಿಂಡೋಸ್ ಹೆಡರ್‌ನಲ್ಲಿ ಅದೇ ಹೆಸರು ಮೊದಲೇ ಇತ್ತು. ಬಿಲ್ಡ್ ಬಿತ್ತು. ಯಾವ ಬೈಟ್ ಎಂದು ಕಂಪೈಲರ್ ಕೇಳುತ್ತಲೇ ಹೋಯಿತು. ಡೆಲಿವರಿಗೆ ಎರಡೇ ದಿನ. ಹೊಸದಾಗಿ ಸೇರಿದ ಹುಡುಗಿಯನ್ನು ಎಲ್ಲರೆದುರು ಗದರಿದೆ. ಅವಳು ಮಾಡಿದ್ದು ಕಂಪೈಲರ್ ಸೆಟ್ಟಿಂಗ್ ಬದಲಿಸಿದ್ದು, ಅಷ್ಟೇ. ಸಂಜೆ ಕೋಡಿನ ಚರಿತ್ರೆ ತೆಗೆದರೆ, ಎಲ್ಲರೂ ಬಳಸುವ ಹೆಡರ್‌ಗೆ ಆ ಸಾಲು ಸೇರಿಸಿದ್ದವನು ನಾನೇ, ಹನ್ನೊಂದು ವರ್ಷ ಹಿಂದೆ. ಮರುದಿನ ಎಲ್ಲರೆದುರೇ ಕ್ಷಮೆ ಕೇಳಿದೆ.

ಅಂದಿನಿಂದ ನಮ್ಮ ತಂಡದ ನಿಯಮ ಇಷ್ಟು. ಹೆಡರ್‌ನಲ್ಲಿ ಆ ಸಾಲು ಬೇಡ, ಪೂರ್ತಿ ಹೆಸರೇ ಇರಲಿ. ಬೇಕಾದ ಒಂದೆರಡು ಹೆಸರನ್ನು ಮಾತ್ರ ಫಂಕ್ಷನ್ನಿನ ಒಳಗೆ ಕರೆದುಕೊಳ್ಳಿ. ಉದ್ದವಾದದ್ದಕ್ಕೆ ಅಲಿಯಾಸ್ ಕೊಡಿ. ಹೆಡರ್‌ನಲ್ಲಿ ನಾವು ಉಳಿಸಿದ ನಾಲ್ಕು ಅಕ್ಷರದ ಸಾಲ ತೀರಿಸುವವರು ಮುಂದೆ ಬರುವ ಇನ್ಯಾರೋ.