ಕೈಸೇರಿಯ ಕಲ್ಲಿನ ಡೇರೆ

ಟರ್ಕಿ ಪ್ರವಾಸ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಇಸ್ತಾಂಬುಲ್‌ನ ಮಸೀದಿಗಳು, ಕಪಡೋಕಿಯಾದ ಬಲೂನುಗಳು. ಕಪಡೋಕಿಯಾಕ್ಕೆ ಹೋಗುವ ಅನೇಕರು ಕೈಸೇರಿ ವಿಮಾನ ನಿಲ್ದಾಣದಲ್ಲಿ ಇಳಿದು ನೇರವಾಗಿ ಬಸ್ ಹತ್ತಿಬಿಡುತ್ತಾರೆ. ನಾವು ಒಂದು ದಿನವನ್ನು ಆ ಊರಿಗೇ ಇಟ್ಟುಕೊಂಡಿದ್ದೆವು. 3,917 ಮೀಟರ್ ಎತ್ತರದ, ಹಿಮ ಹೊದ್ದ ಎರ್ಜಿಯೆಸ್ ಪರ್ವತದ ಬುಡದಲ್ಲಿರುವ ಕೈಸೇರಿ, 13ನೇ ಶತಮಾನದಲ್ಲಿ ಅನಟೋಲಿಯಾದ ಸೆಲ್ಜುಕ್ ತುರ್ಕರ ಮುಖ್ಯ ಪಟ್ಟಣಗಳಲ್ಲಿ ಒಂದಾಗಿತ್ತು.

ನಾನು ಅಲ್ಲಿ ನೋಡಲೇಬೇಕೆಂದಿದ್ದದ್ದು 'ಡೋನರ್ ಕುಂಬೆತ್'. ಡೋನರ್ ಎಂದರೆ ತಿರುಗುವುದು. ಡೋನರ್ ಕಬಾಬ್‌ನ ಡೋನರ್ ಕೂಡ ಇದೇ! ಕುಂಬೆತ್ ಎಂಬುದು ಪಾರ್ಸಿಯ 'ಗುಂಬದ್'ನಿಂದ ಬಂದದ್ದು. ನಮ್ಮ ಗುಮ್ಮಟ, ವಿಜಯಪುರದ ಗೋಳಗುಮ್ಮಟ ಎಲ್ಲ ಅದೇ ಮನೆಯ ಮಾತುಗಳು. ಆದರೆ ಗೋಳಗುಮ್ಮಟ ತನ್ನ ಗಾತ್ರದಿಂದಲೇ ನಮ್ಮನ್ನು ಬೆರಗುಗೊಳಿಸುತ್ತದೆ. ಈ ಗೋರಿಯನ್ನೋ ಎರಡು ನಿಮಿಷದಲ್ಲಿ ಸುತ್ತಿ ಬರಬಹುದು. ವಾಹನಗಳು ಓಡಾಡುವ ರಸ್ತೆಯ ಪಕ್ಕದಲ್ಲೇ ನಿಂತಿದೆ.

1276ರ ಸುಮಾರಿಗೆ ಶಾಹ್ ಜಿಹಾನ್ ಹಾತೂನ್ ಎಂಬ ರಾಜಮನೆತನದ ಹೆಣ್ಣುಮಗಳಿಗಾಗಿ ಇದನ್ನು ಕಟ್ಟಲಾಯಿತು. ಕೆಳಗೆ ಮೂಲೆಗಳನ್ನು ಕತ್ತರಿಸಿದ ಚೌಕಾಕಾರದ ಪೀಠ, ಅದರ ಮೇಲೆ ಹನ್ನೆರಡು ಮುಖಗಳ ಗೋಡೆ, ನೆತ್ತಿಯಲ್ಲಿ ಕಲ್ಲಿನದೇ ಶಂಕುವಿನಾಕಾರದ ಚಾವಣಿ. ಚೌಕ ಹನ್ನೆರಡು ಮುಖವಾಗಿ, ಹನ್ನೆರಡು ಮುಖ ದುಂಡಾಗುವ ಈ ಬದಲಾವಣೆ ಎಷ್ಟು ಸಲೀಸಾಗಿದೆಯೆಂದರೆ, ಸುತ್ತುತ್ತಾ ನೋಡಿದರೆ ಕಟ್ಟಡವೇ ತಿರುಗಿದಂತೆ ಕಾಣುತ್ತದೆ. ಚಾವಣಿಯ ಕೆಳಗೆ ಜೇನುಗೂಡಿನಂಥ ಮುಕರ್ನಾಸ್ ಕೆತ್ತನೆಯ ಪಟ್ಟಿ. ಕುರಿ, ಕುದುರೆಗಳೊಂದಿಗೆ ಮಧ್ಯ ಏಷ್ಯಾದಿಂದ ಬಂದ ತುರ್ಕರ ಡೇರೆಯ ನೆನಪು ಈ ಆಕಾರದಲ್ಲಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಇಂಥ ಗೋರಿಗಳಿಗೆ ಸಾಮಾನ್ಯವಾಗಿ ಎರಡು ಅಂತಸ್ತು: ಕೆಳಗೆ ಸಮಾಧಿ, ಮೇಲೆ ಪ್ರಾರ್ಥನೆಯ ಕೋಣೆ.

ಇಸ್ಲಾಮೀ ಕಟ್ಟಡಗಳಲ್ಲಿ ಬಳ್ಳಿ, ಜ್ಯಾಮಿತಿ, ಬರವಣಿಗೆ ಮಾತ್ರ ಇರುತ್ತವೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಗೋಡೆಯಲ್ಲಿ ಖರ್ಜೂರದಂಥ ಜೀವವೃಕ್ಷ, ಅದರ ಇಕ್ಕೆಲಗಳಲ್ಲಿ ಸಿಂಹಗಳು, ಮೇಲೆ ಎರಡು ತಲೆಯ ಹದ್ದು! ಕನ್ನಡಿಗರಿಗೆ ತಕ್ಷಣ ಗಂಡಭೇರುಂಡ ಕಣ್ಮುಂದೆ ಬರುತ್ತದೆ. ಬಳ್ಳಿಗಾವಿಯ ಭೇರುಂಡೇಶ್ವರ ಸ್ತಂಭ 1047ರದು, ಅಂದರೆ ಇದಕ್ಕಿಂತ ಎರಡು ಶತಮಾನ ಹಿಂದಿನದು. ಯಾರಿಂದ ಯಾರು ಕಲಿತರು ಎಂಬ ಜಗಳ ಬೇಡ. ಅಷ್ಟು ದೂರದಲ್ಲಿ ನಮ್ಮ ಪರಿಚಯದ ಹಕ್ಕಿ ಕಂಡ ಖುಷಿಯೇ ನನಗೆ ಸಾಕಾಯಿತು.

ಕೈಸೇರಿಯಲ್ಲಿ ಮಹಿಳೆಯರ ಹೆಸರು ಹೊತ್ತ ಕಟ್ಟಡ ಇದೊಂದೇ ಅಲ್ಲ. ಸುಲ್ತಾನ ಕೈಖುಸ್ರೋ ತನ್ನ ಸಹೋದರಿ ಗೆವ್ಹೆರ್ ನೆಸಿಬೆಯ ಹೆಸರಿನಲ್ಲಿ ಕಟ್ಟಿಸಿದ ಆಸ್ಪತ್ರೆ, ವೈದ್ಯಶಾಲೆ 1206ರ ಹೊತ್ತಿಗೆ ಸಿದ್ಧವಾಗಿದ್ದವು. ಈಗ ಅದು ಮ್ಯೂಸಿಯಂ. ಸುಲ್ತಾನ ಅಲಾವುದ್ದೀನ್ ಕೈಕುಬಾದನ ಹೆಂಡತಿ ಮಾಹ್‌ಪೆರಿ ಹಾತೂನ್ 1238ರಲ್ಲಿ ದೊಡ್ಡ ಮಸೀದಿ ಕಟ್ಟಿಸಿದಳು. ಜೊತೆಗೆ ಮದರಸಾ, ಸ್ನಾನಗೃಹ, ಅವಳದೇ ಗೋರಿ ಇವೆ. ಐದೇ ವರ್ಷದ ನಂತರ, 1243ರಲ್ಲಿ, ಕೊಸೆದಾಗ್ ಯುದ್ಧದಲ್ಲಿ ಸೆಲ್ಜುಕರು ಮಂಗೋಲರಿಗೆ ಸೋತರು, ಕೈಸೇರಿ ಲೂಟಿಯಾಯಿತು. ಶಾಹ್ ಜಿಹಾನಳ ಗೋರಿ ಎದ್ದದ್ದು ಆ ಮೇಲೆ. ರಾಜ್ಯ ಮಂಗೋಲರ ಅಡಿಯಾಳಾಗಿದ್ದರೂ ಶಿಲ್ಪಿಗಳ ಕೈ ಸೋತಿರಲಿಲ್ಲ.

ಯುದ್ಧ ಗೆದ್ದವರ, ಸೋತವರ ಹೆಸರುಗಳನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡುತ್ತೇವೆ. ಆಸ್ಪತ್ರೆ, ಮಸೀದಿ, ಸ್ನಾನಗೃಹಗಳ ಹಿಂದಿದ್ದ ಹೆಂಗಸರ ಹೆಸರು ಓದಲು ಕಟ್ಟಡದ ಮುಂದೆಯೇ ನಿಲ್ಲಬೇಕಾಗುತ್ತದೆ. ನಮ್ಮ ಸದಸ್ಯೆಯರಲ್ಲಿ ಯಾರಾದರೂ ಕಪಡೋಕಿಯಾಕ್ಕೆ ಹೊರಟಿದ್ದರೆ, ಬಲೂನಿನ ಜೊತೆಗೆ ಕೈಸೇರಿಗೂ ಅರ್ಧ ದಿನ ಇಟ್ಟುಕೊಳ್ಳಿ. ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆ ಚೆನ್ನಾಗಿ ಕಾಣುತ್ತದೆ.