ವಾನರ, ವಿದ್ಯಾಧರ, ಮೋರ್ಯ: ಪಾತ್ರಕ್ಕೆ ಕುಲ ಆರಿಸುವ ಆಟಕ್ಕೆ ಕೊಪ್ಪಳ ಸೀಮೆಯ ಸಾಕ್ಷ್ಯ

ದಾಳ, ಪೆನ್ಸಿಲು, ಕಾಗದ ಇಟ್ಟುಕೊಂಡು ನಾಲ್ಕಾರು ಜನ ಮೇಜಿನ ಸುತ್ತ ಕೂತು ಕಥೆಯನ್ನು ಆಡುತ್ತ ಹೋಗುವ ಪಾತ್ರಾಟವನ್ನು ಅಚ್ಚಿನ ನಿಯಮಗಳೊಂದಿಗೆ ಲೋಕಕ್ಕೆ ಪರಿಚಯಿಸಿದ್ದು 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಆಟ ಶುರುವಾಗುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ: ನಿನ್ನ ಪಾತ್ರ ಯಾವ ಕುಲದ್ದು? ಆಗ ಮನುಷ್ಯ, ಎಲ್ಫ್, ಡ್ವಾರ್ಫ್, ಹಾಬಿಟ್ ಇವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಡ್ವಾರ್ಫ್ ಯೋಧನಾಗಬಹುದಿತ್ತು, ಆದರೆ 6ನೇ ಹಂತದಾಚೆ ಬೆಳೆಯುವಂತಿರಲಿಲ್ಲ. ಹಾಬಿಟ್‌ಗೆ 4ನೇ ಹಂತವೇ ಕೊನೆಯಾಗಿತ್ತು. ಮನುಷ್ಯನಿಗೆ ಮಾತ್ರ ಮಿತಿಯಿರಲಿಲ್ಲ.

ಈ ನಿಯಮವನ್ನು ಕನ್ನಡಕ್ಕೆ ತಂದು ಓದಿದರೆ ಅದು ಬರೀ ಆಟದ ನಿಯಮವಾಗಿ ಉಳಿಯುವುದಿಲ್ಲ. ಹುಟ್ಟು ನೋಡಿ ಯೋಗ್ಯತೆ ಅಳೆಯುವುದೆಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಐವತ್ತು ವರ್ಷದ ಮೇಲೆ, 2024ರ ಆವೃತ್ತಿಯಲ್ಲಿ, ಆಟದವರೇ ‘ರೇಸ್’ ಎಂಬ ಹಳೆಯ ಪದವನ್ನು ಕೈಬಿಟ್ಟು ‘ಸ್ಪೀಷೀಸ್’ ಎಂದರು. ಕುಲದಿಂದ ಬರುತ್ತಿದ್ದ ಸಾಮರ್ಥ್ಯದ ಅಂಕಗಳನ್ನು ಪಾತ್ರದ ಹಿಂದಿನ ಬದುಕು ಮತ್ತು ಕಸುಬಿಗೆ ಸೇರಿಸಿದರು. ಇದೇ ಪ್ರಶ್ನೆಯನ್ನು ಕೊಪ್ಪಳ ಸೀಮೆಯ ಪರಂಪರೆ ಬಹಳ ಮುಂಚೆಯೇ ಎತ್ತಿಕೊಂಡಿತ್ತು, ಮತ್ತು ಇನ್ನೂ ಆಳಕ್ಕೆ ಇಳಿದಿತ್ತು ಎಂಬುದು ಈ ಲೇಖನದ ವಾದ.

ನಮ್ಮ ಕಥಾಲೋಕದ ಜನ ಆ ಆಟದೊಳಗೆ ಹೋದ ರೀತಿಯನ್ನು ಮೊದಲು ಗಮನಿಸಬೇಕು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದಲ್ಲಿ ರಾಕ್ಷಸ ಇದ್ದಾನೆ, ಕೊಲ್ಲಬೇಕಾದ ಶತ್ರುವಾಗಿ. ವಾನರ 2001ರ ‘ಓರಿಯೆಂಟಲ್ ಅಡ್ವೆಂಚರ್ಸ್’ ಪುಸ್ತಕದಲ್ಲಿ ಆಟಗಾರ ಆರಿಸಬಹುದಾದ ಕುಲವಾದ. ಒಬ್ಬನನ್ನು ಆಡಬಹುದು, ಇನ್ನೊಬ್ಬನನ್ನು ಹೊಡೆಯಬಹುದು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ನಿಂತವರಿಗೆ ಈ ವಿಂಗಡಣೆ ತೀರಾ ಅವಸರದ್ದೆನಿಸುತ್ತದೆ. ಜನ ಕಿಷ್ಕಿಂಧೆ ಎಂದು ನಂಬಿದ ನೆಲ ಅದು. ಪಂಪಾ ಸರೋವರ, ವಾಲಿಯ ಕೋಟೆ, 575 ಮೆಟ್ಟಿಲ ಅಂಜನಾದ್ರಿ ಎಲ್ಲವೂ ಅಲ್ಲೇ ಇವೆ. ಇಲ್ಲಿ ಹನುಮಂತ ಬಾಲವುಳ್ಳ ವಾನರನೇ, ವಾನರನಾಗಿಯೇ ದೇವರು.

ಅದೇ ಜಿಲ್ಲೆಯ ಇನ್ನೊಂದು ತುದಿ ಕೊಪ್ಪಳ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ಇದೇ. ಅದು ಜೈನರ ಮಹಾತೀರ್ಥ. ಜೈನ ಪರಂಪರೆಯಲ್ಲಿ ವಾನರರು ಮಂಗಗಳಲ್ಲ, ವಿದ್ಯಾಧರರ ಒಂದು ವಂಶ. ಬಾವುಟದ ಮೇಲೆ, ಕಿರೀಟದ ಮೇಲೆ ಕಪಿಯ ಚಿಹ್ನೆ ಧರಿಸಿದ್ದರಿಂದ ಆ ಹೆಸರು ಬಂತು. ರಾಕ್ಷಸರೂ ವಿದ್ಯಾಧರರ ಮತ್ತೊಂದು ವಂಶ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ರಾವಣನ ಹತ್ತು ತಲೆಯ ಗುಟ್ಟೂ ಬಯಲಾಗುತ್ತದೆ: ಮಗುವಾಗಿದ್ದಾಗ ಕೊರಳಿಗೆ ಹಾಕಿಕೊಂಡ ಹಾರದ ರತ್ನಗಳಲ್ಲಿ ಅವನ ಮುಖದ ಒಂಬತ್ತು ಪ್ರತಿಬಿಂಬ ಕಂಡವು, ಅವನು ದಶಮುಖನಾದ.

ಕನ್ನಡದಲ್ಲಿ ಈ ದಾರಿ ಹಿಡಿದ ದೊಡ್ಡ ಕೃತಿ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’, ಕಾಲ ಸುಮಾರು ಕ್ರಿ.ಶ. 1100. ಅಲ್ಲಿ ರಾವಣ ಯುದ್ಧದ ನಡುವೆ ಶಾಂತಿನಾಥನ ಬಸದಿಯಲ್ಲಿ ಕೂತು ಬಹುರೂಪಿಣೀ ವಿದ್ಯೆಯನ್ನು ಸಾಧಿಸುತ್ತಾನೆ. ವಾನರ ತರುಣರು ನುಗ್ಗಿ ಕಾಟ ಕೊಟ್ಟರೂ ಅವನ ಮನಸ್ಸು ಕದಲುವುದಿಲ್ಲ. ವಿದ್ಯಾಧರ ಎಂಬ ಹೆಸರೇ ಹೇಳುವಂತೆ ಇವರ ಶಕ್ತಿಯೆಲ್ಲ ವಿದ್ಯೆ. ರೂಪ ಬದಲಿಸುವುದೂ ಆಕಾಶದಲ್ಲಿ ಸಾಗುವುದೂ ಸಾಧನೆಯಿಂದ ಒದಗುವಂಥವು. ಕುಲವೆಂದರೆ ಬಾವುಟದ ಗುರುತು, ಬಲವೆಂದರೆ ಕಲಿಕೆ. 2024ರಲ್ಲಿ ಮೇಜಿನ ಆಟ ತಲುಪಿದ ತಿದ್ದುಪಡಿಗಿಂತ ಇದು ಹೆಚ್ಚು ಧೈರ್ಯದ ಕಲ್ಪನೆ ಎಂದು ನನಗೆ ತೋರುತ್ತದೆ.

ಆಡುವವರ ಲೋಕದಲ್ಲೂ ಇದಕ್ಕೆ ಪುಷ್ಟಿ ಸಿಗುತ್ತದೆ. ತೊಗಲು ಗೊಂಬೆಯಾಟದಲ್ಲಿ ಗೊಂಬೆಯ ಗಾತ್ರ ಪಾತ್ರದ ಮೈಯಳತೆಯಲ್ಲ, ಸ್ಥಾನಮಾನದ ಅಳತೆ. ಅರಸನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು. ದೀಪದ ಮುಂದೆ ತೊಗಲನ್ನು ಪರದೆಗೆ ಒತ್ತಿ ಹಿಡಿದಾಗ ಬಣ್ಣ ಸಮೇತ ನೆರಳು ಮೂಡುತ್ತದೆ. ಹಿಂದೆ ಕೂತವರದೇ ಕಂಠ ರಾಮನಿಗೂ ಸುಗ್ರೀವನಿಗೂ ರಾವಣನಿಗೂ ಒದಗಬೇಕು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ. ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಾಟದಲ್ಲೂ ರಾಕ್ಷಸನ ಪಾತ್ರವನ್ನು ಯಾರೂ ಹೀನವೆಂದು ತಳ್ಳುವುದಿಲ್ಲ. ಗಟ್ಟಿ ದನಿ, ಗಟ್ಟಿ ಹೆಜ್ಜೆ ಇದ್ದವನಿಗೇ ಅದು ಸಿಗುವುದು.

ಉಳಿದವರು ಮೋರ್ಯರು. ಯುರೋಪಿನ ಡ್ವಾರ್ಫ್‌ಗೆ ಹತ್ತಿರದ ಜನ ನಮ್ಮಲ್ಲಿದ್ದರೆ ಇವರೇ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ 400ಕ್ಕೂ ಹೆಚ್ಚು ಕಲ್ಮನೆಗಳ ಸಮೂಹವಿದೆ. 2021ರಲ್ಲಿ ಇದು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ನಿಲ್ಲಿಸಿದ ಚಪ್ಪಡಿಗಳ ಮೇಲೆ ಇನ್ನೊಂದು ಚಪ್ಪಡಿಯ ಸೂರು, ಕೆಲವದರ ಗೋಡೆಯಲ್ಲಿ ತೆವಳಿ ನುಸುಳುವಷ್ಟು ದುಂಡನೆಯ ಕಿಂಡಿ. ಪುರಾತತ್ವಜ್ಞರಿಗೆ ಇವು ಬೃಹತ್ ಶಿಲಾಯುಗದವರು ಸತ್ತವರಿಗಾಗಿ ಕಟ್ಟಿದ ನೆಲೆಗಳು. ಜನರಿಗೆ ಇವು ಮೋರ್ಯರ ಮನೆಗಳು, ಮೋರ್ಯರು ಕುಳ್ಳರು. ಕೊಪ್ಪಳದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಮೋರ್ಯ ಮತ್ತು ಮೌರ್ಯ ಒಂದೇ ಎನ್ನುವ ಆಸೆ ಸಹಜ. ಬರೀ ಹೆಸರಿನ ಸಾಮ್ಯದ ಮೇಲೆ ಅಷ್ಟು ಭಾರ ಹೊರಿಸಲಾಗದು. ಮನೆಯ ಗಾತ್ರ ನೋಡಿ ಜನರ ಎತ್ತರ ಊಹಿಸಿದ ಕಥೆ ಇದು ಎಂಬುದು ನನ್ನ ಗ್ರಹಿಕೆ. ಕಲ್ಲಿನಿಂದ ಹುಟ್ಟಿದ ಕುಲ.

ಕನ್ನಡದಲ್ಲಿ ಇಂಥ ಆಟ ಕಟ್ಟುವವರು ಮೋರ್ಯರನ್ನು ಆಯ್ಕೆಯ ಪಟ್ಟಿಗೆ ಸೇರಿಸಲೇಬೇಕು ಎನ್ನುತ್ತೇನೆ. ‘ಎತ್ತರ ಕಡಿಮೆ, ಬಲ ಕಡಿಮೆ’ ಎಂಬ ಅಂಕಗಳಿಂದ ಅವರನ್ನು ಬರೆಯಬಾರದು, ವಿದ್ಯಾಧರರಂತೆ ವಿದ್ಯೆಯಿಂದ ಬರೆಯಬೇಕು. ಬಂಡೆಯ ಪದರ ಗುರುತಿಸಿ ಸೀಳುವ ವಿದ್ಯೆ, ಆ ಚಪ್ಪಡಿಯನ್ನು ಬೆಟ್ಟದ ನೆತ್ತಿಯ ಮೇಲೆ ಸಾಗಿಸಿ ನಿಲ್ಲಿಸುವ ವಿದ್ಯೆ, ಸತ್ತವರಿಗೆ ಮನೆ ಕೊಡುವ ವಿದ್ಯೆ. ಇವುಗಳ ಜೊತೆಗೆ ಆ ಬೆಟ್ಟದ ನಗಾರಿ ಗುಂಡು: ಎತ್ತರದ ಬಂಡೆಯ ಮೇಲೆ ಕೂತಿರುವ, ಬಡಿದರೆ ದೂರದವರೆಗೆ ಮೊಳಗುವ ಕಲ್ಲು. ಅದನ್ನು ಯಾವ ಹೊತ್ತಿಗೆ, ಯಾರನ್ನು ಕರೆಯಲು ಬಡಿಯಬೇಕೆಂಬುದನ್ನು ಮೋರ್ಯನ ಪಾತ್ರ ಆರಿಸಿಕೊಂಡವರೇ ಹೇಳಲಿ.