ಧರ್ಮಯುದ್ಧದ ಕಟ್ಟಳೆಗಳು: ಕುರುಕ್ಷೇತ್ರದಿಂದ ಜಿನೀವಾದವರೆಗೆ

ಮಹಾಭಾರತದ ಭೀಷ್ಮಪರ್ವದ ಆರಂಭದಲ್ಲಿ ಒಂದು ಗಮನಾರ್ಹ ಪ್ರಸಂಗವಿದೆ. ಹದಿನೆಂಟು ಅಕ್ಷೌಹಿಣಿ ಸೈನ್ಯವು ಕುರುಕ್ಷೇತ್ರದಲ್ಲಿ ನೆರೆದಿದೆ. ಇನ್ನೂ ಒಂದು ಬಾಣವೂ ಬಿಲ್ಲನ್ನು ಬಿಟ್ಟಿಲ್ಲ. ಆಗ ಉಭಯ ಪಕ್ಷದವರೂ ಸೇರಿ ಯುದ್ಧದ ಕಟ್ಟಳೆಗಳನ್ನು ಗೊತ್ತುಪಡಿಸಿಕೊಳ್ಳುತ್ತಾರೆ. ರಥಿಕನು ರಥಿಕನೊಡನೆ, ಪದಾತಿಯು ಪದಾತಿಯೊಡನೆ ಮಾತ್ರ ಹೋರಾಡಬೇಕು. ಶಸ್ತ್ರ ಕಳೆದುಕೊಂಡವನನ್ನೂ, ಕವಚವಿಲ್ಲದವನನ್ನೂ, ವಿಮುಖನಾದವನನ್ನೂ ಹೊಡೆಯಬಾರದು. ಸಾರಥಿಗಳು, ಭಾರ ಹೊರುವವರು, ಭೇರಿ ಶಂಖಗಳನ್ನು ನುಡಿಸುವವರು ಇವರ ಮೇಲೆ ಕೈಮಾಡಬಾರದು. ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಷಲಿಪ್ತವಾದ, ಕೊಕ್ಕೆಯುಳ್ಳ, ಬೆಂಕಿಯಿಂದ ಉರಿಯುವ ಆಯುಧಗಳನ್ನು ನಿಷೇಧಿಸಿ, ನಿದ್ರಿಸುತ್ತಿರುವವನನ್ನೂ ಶರಣಾಗತನನ್ನೂ ಕೊಲ್ಲಬಾರದೆಂದು ವಿಧಿಸುತ್ತದೆ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸನು, ಸಮೀಪದಲ್ಲಿಯೇ ಯುದ್ಧ ನಡೆಯುತ್ತಿದ್ದರೂ ಭಾರತದ ರೈತರು ನಿರ್ಭಯವಾಗಿ ಹೊಲ ಉಳುತ್ತಿದ್ದರೆಂದು ಬರೆದಿದ್ದಾನೆ.

ಆದರೆ ಕಟ್ಟಳೆಯ ನಿಜವಾದ ಪರೀಕ್ಷೆ ನಡೆಯುವುದು ಯುದ್ಧದ ಮೊದಲ ದಿನವಲ್ಲ, ಸೋಲಿನ ರಾತ್ರಿ. ಸೌಪ್ತಿಕಪರ್ವವು ಆ ರಾತ್ರಿಯ ಕಥೆ. ತೊಡೆ ಮುರಿದು ಬಿದ್ದಿದ್ದ ದುರ್ಯೋಧನನ ಆಜ್ಞೆಯಂತೆ ಅಶ್ವತ್ಥಾಮನಿಗೆ ಸೇನಾಪತ್ಯದ ಅಭಿಷೇಕವಾಗಿರುತ್ತದೆ. ಮಲಗಿರುವ ಶತ್ರುಗಳನ್ನು ಕೊಲ್ಲುವ ಸಂಕಲ್ಪವನ್ನು ಆತನು ತಿಳಿಸಿದಾಗ, ಸೋದರಮಾವನಾದ ಕೃಪಾಚಾರ್ಯನು ತಡೆಯುತ್ತಾನೆ; ನಿದ್ರಿತರನ್ನೂ ನಿಶ್ಶಸ್ತ್ರರನ್ನೂ ವಧಿಸುವುದು ಧರ್ಮವಲ್ಲವೆಂದು ಬುದ್ಧಿ ಹೇಳುತ್ತಾನೆ. ಅದಕ್ಕೆ ಅಶ್ವತ್ಥಾಮನ ಉತ್ತರ ಮನನಾರ್ಹವಾದುದು. ಧರ್ಮದ ಸೇತುವೆಯನ್ನು ಎದುರಾಳಿಗಳು ಮೊದಲೇ ನೂರು ತುಂಡು ಮಾಡಿರುವಾಗ ತನಗೊಬ್ಬನಿಗೆ ಏಕೆ ಆ ಕಟ್ಟು ಎಂಬುದು ಆತನ ವಾದದ ಸಾರ. ಆ ರಾತ್ರಿ ಧೃಷ್ಟದ್ಯುಮ್ನನೂ ದ್ರೌಪದಿಯ ಐವರು ಮಕ್ಕಳೂ ಶಿಬಿರದಲ್ಲಿಯೇ ಹತರಾದರು. ಅಷ್ಟಕ್ಕೇ ನಿಲ್ಲದ ಆ ಕ್ರೋಧವು ಉತ್ತರೆಯ ಗರ್ಭದಲ್ಲಿದ್ದ ಶಿಶುವಿನತ್ತ ಅಸ್ತ್ರವಾಗಿ ತಿರುಗಿತು.

ಭಗವಾನ್ ಶ್ರೀಕೃಷ್ಣನು ಆ ಶಿಶುವನ್ನು ಉಳಿಸಿದನು. ಅಶ್ವತ್ಥಾಮನಾದರೋ ತನ್ನ ಶಿರೋಮಣಿಯನ್ನು ಕಳೆದುಕೊಂಡು, ಮೂರು ಸಾವಿರ ವರ್ಷ ಏಕಾಕಿಯಾಗಿ ಅಲೆಯುವ ಶಾಪಕ್ಕೆ ಗುರಿಯಾದನು. ರುದ್ರಾಂಶಸಂಭೂತನೆಂಬ ಹಿರಿಮೆಯಾಗಲಿ, ಒಡೆಯನ ಸಮ್ಮತಿಯಿತ್ತೆಂಬ ನೆಪವಾಗಲಿ, ಎದುರಾಳಿಯೇ ಮೊದಲು ತಪ್ಪಿದನೆಂಬ ವಾದವಾಗಲಿ ಆತನನ್ನು ಕಾಪಾಡಲಿಲ್ಲ. ಇದೇ ಪ್ರಸಂಗಕ್ಕೆ ಸಂಬಂಧಿಸಿದ ಇನ್ನೊಂದು ಮುಖವು ಭಾಗವತದ ಪ್ರಥಮ ಸ್ಕಂಧದಲ್ಲಿದೆ. ಅರ್ಜುನನು ಅಶ್ವತ್ಥಾಮನನ್ನು ಕಟ್ಟಿ ಎಳೆತಂದಾಗ, ಐವರು ಮಕ್ಕಳನ್ನು ಕಳೆದುಕೊಂಡ ದ್ರೌಪದಿಯೇ ಗುರುಪುತ್ರನನ್ನು ಬಿಡಿಸುವಂತೆ ಬೇಡುತ್ತಾಳೆ. ತನ್ನಂತೆ ಆತನ ತಾಯಿ ಕೃಪಿಯೂ ಅಳಬಾರದೆಂಬುದು ಆಕೆಯ ಮನದಿಂಗಿತ. ಸೆರೆಸಿಕ್ಕ ಶತ್ರುವಿನ ಬಗ್ಗೆ ಇದಕ್ಕಿಂತ ಉನ್ನತವಾದ ಕಾರುಣ್ಯವನ್ನು ಕಾಣುವುದು ಅಪರೂಪ.

ಇಂತಹ ಕಾರುಣ್ಯವೇ ಆಧುನಿಕ ಯುದ್ಧನಿಯಮಗಳಿಗೂ ಮೂಲವಾಯಿತೆಂಬುದು ಇತಿಹಾಸದ ಒಂದು ಸೋಜಿಗ. 1859ರ ಜೂನ್ 24ರಂದು ಉತ್ತರ ಇಟಲಿಯ ಸೊಲ್ಫೆರಿನೊ ಎಂಬಲ್ಲಿ ಫ್ರಾನ್ಸ್ ಮತ್ತು ಸಾರ್ಡೀನಿಯದ ಸೇನೆಗಳಿಗೂ ಆಸ್ಟ್ರಿಯದ ಸೇನೆಗೂ ಘೋರ ಕಾಳಗ ನಡೆಯಿತು. ಒಂದೇ ದಿನದಲ್ಲಿ ಮಡಿದವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 40 ಸಾವಿರ ಮಂದಿ. ವ್ಯಾಪಾರನಿಮಿತ್ತವಾಗಿ ಅಲ್ಲಿಗೆ ಬಂದಿದ್ದ ಜಿನೀವಾದ ಹೆನ್ರಿ ಡ್ಯೂನಾಂಟ್, ನೆರೆಯ ಕಾಸ್ತಿಲ್ಯೋನೆ ಊರಿನ ಇಗರ್ಜಿಯಲ್ಲಿ ನೀರಿಗಾಗಿ ನರಳುತ್ತಿದ್ದ ಗಾಯಾಳುಗಳನ್ನು ಕಂಡನು. ಊರಿನ ಸ್ತ್ರೀಯರು ಎಲ್ಲರೂ ಸೋದರರೇ ಎನ್ನುತ್ತ, ಸ್ವಪಕ್ಷ ಪರಪಕ್ಷವೆಂಬ ಭೇದವಿಲ್ಲದೆ ಶುಶ್ರೂಷೆ ಮಾಡಿದರು. ಈ ಅನುಭವವನ್ನು ಡ್ಯೂನಾಂಟ್ 1862ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮರುವರ್ಷವೇ ಜಿನೀವಾದಲ್ಲಿ ಐವರ ಸಮಿತಿಯೊಂದು ಹುಟ್ಟಿ, ಅದೇ ಮುಂದೆ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯಾಯಿತು. 1864ರ ಆಗಸ್ಟ್ 22ರಂದು 12 ರಾಷ್ಟ್ರಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ತಿರುಳು ಹತ್ತೇ ವಿಧಿಗಳಲ್ಲಿ ಅಡಗಿತ್ತು: ಗಾಯಾಳು ಯಾವ ಪಕ್ಷದವನಾದರೂ ಚಿಕಿತ್ಸೆಗೆ ಅರ್ಹ, ಚಿಕಿತ್ಸೆ ಮಾಡುವವರ ಮೇಲೆ ದಾಳಿ ಸಲ್ಲದು. ವ್ಯಾಪಾರದಲ್ಲಿ ದಿವಾಳಿಯಾಗಿ ಬಹುಕಾಲ ಅಜ್ಞಾತನಾಗಿದ್ದ ಡ್ಯೂನಾಂಟನಿಗೆ 1901ರಲ್ಲಿ ಪ್ರಥಮ ನೊಬೆಲ್ ಶಾಂತಿ ಪುರಸ್ಕಾರವು ಫ್ರೆಡರಿಕ್ ಪಾಸಿಯೊಡನೆ ಹಂಚಿಕೆಯಾಗಿ ದೊರೆಯಿತು.

ಎರಡನೆಯ ಮಹಾಯುದ್ಧದ ದಾರುಣ ಅನುಭವದ ನಂತರ, 1949ರ ಆಗಸ್ಟ್ 12ರಂದು ಈಗ ಜಾರಿಯಲ್ಲಿರುವ ನಾಲ್ಕು ಜಿನೀವಾ ಒಪ್ಪಂದಗಳು ರೂಪುಗೊಂಡವು. ಭೂಸೇನೆಯ ಗಾಯಾಳುಗಳು, ಸಮುದ್ರದಲ್ಲಿ ಅಪಾಯಕ್ಕೊಳಗಾದ ಯೋಧರು, ಯುದ್ಧಕೈದಿಗಳು, ನಾಗರಿಕರು ಎಂದು ನಾಲ್ಕು ವರ್ಗದವರಿಗೆ ಅವು ರಕ್ಷಣೆ ನೀಡುತ್ತವೆ. ನಾಲ್ಕನೆಯ ಒಪ್ಪಂದವು ವಿಶೇಷ ರಕ್ಷಣೆಗೆ ಅರ್ಹರಾದವರಲ್ಲಿ ಗರ್ಭಿಣಿಯರನ್ನು ಹೆಸರಿಸಿಯೇ ಹೇಳುತ್ತದೆ. ಉತ್ತರೆಯ ಕಥೆಯನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಾಮ್ಯ ಬೇರೆ ಎರಡು ವಿಷಯಗಳಲ್ಲಿದೆ. ಈ ಒಪ್ಪಂದಗಳನ್ನು ಎಲ್ಲ ಸಂದರ್ಭಗಳಲ್ಲಿಯೂ ಪಾಲಿಸಬೇಕೆಂಬುದು ಅವುಗಳ ಮೊದಲ ವಿಧಿ. ತಾವು ರಕ್ಷಿಸುವ ಜನರ ಮೇಲೆ ಪ್ರತೀಕಾರವನ್ನು ಅವು ನಿಷೇಧಿಸುತ್ತವೆ. ಅವರು ತಪ್ಪಿದರು, ಆದ್ದರಿಂದ ನಾವೂ ತಪ್ಪುತ್ತೇವೆ ಎಂಬ ಅಶ್ವತ್ಥಾಮನ ವಾದಕ್ಕೆ ಅಲ್ಲಿ ಎಡೆಯಿಲ್ಲ. ಅಂತೆಯೇ, ಮೇಲಿನವರ ಆಜ್ಞೆಯನ್ನು ಪಾಲಿಸಿದೆನೆಂಬ ಮಾತು ಅಪರಾಧಿಯನ್ನು ಹೊಣೆಯಿಂದ ಪಾರುಮಾಡದೆಂಬ ತತ್ತ್ವವನ್ನು ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿಯು 1946ರ ತನ್ನ ತೀರ್ಪಿನಲ್ಲಿ ಎತ್ತಿಹಿಡಿಯಿತು. 1996ರಲ್ಲಿ ಪರಮಾಣು ಅಸ್ತ್ರಗಳ ಕುರಿತು ಅಂತರರಾಷ್ಟ್ರೀಯ ನ್ಯಾಯಾಲಯವು ಅಭಿಪ್ರಾಯ ನೀಡಿದಾಗ, ಶ್ರೀಲಂಕೆಯ ನ್ಯಾಯಮೂರ್ತಿ ವೀರಮಂತ್ರಿಯವರು ತಮ್ಮ ಭಿನ್ನಮತದಲ್ಲಿ ರಾಮಾಯಣ ಮಹಾಭಾರತಗಳ ಯುದ್ಧಧರ್ಮವನ್ನು ಪ್ರಮಾಣವಾಗಿ ಉಲ್ಲೇಖಿಸಿದುದು ಗಮನಾರ್ಹ.

ಸ್ವತಂತ್ರ ಭಾರತವು 1950ರಲ್ಲಿ ಜಿನೀವಾ ಒಪ್ಪಂದಗಳನ್ನು ಅನುಮೋದಿಸಿ, 1960ರಲ್ಲಿ ಅವುಗಳಿಗಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದಾಗ ಈ ವಚನದ ಪರೀಕ್ಷೆ ನಡೆಯಿತು. ಸುಮಾರು 93 ಸಾವಿರ ಮಂದಿ ಭಾರತದ ವಶವಾದರು. ಪೂರ್ವ ಬಂಗಾಳದಲ್ಲಿ ನಡೆದಿದ್ದ ಹತ್ಯಾಕಾಂಡದ ನೆನಪು ಆಗಿನ್ನೂ ಹಸಿಯಾಗಿತ್ತು. ಪ್ರತೀಕಾರದ ಮಾತಿಗೆ ಕಾರಣಗಳ ಕೊರತೆಯಿರಲಿಲ್ಲ. ಆದರೂ ಭಾರತವು ಅವರನ್ನು ಶಿಬಿರಗಳಲ್ಲಿರಿಸಿ ಅನ್ನ, ಆಶ್ರಯ, ಔಷಧಗಳನ್ನಿತ್ತಿತು. ರೆಡ್ ಕ್ರಾಸ್ ಪ್ರತಿನಿಧಿಗಳಿಗೆ ಭೇಟಿಯ ಅವಕಾಶ ಕಲ್ಪಿಸಿತು. 1973ರ ಆಗಸ್ಟ್‌ನ ದೆಹಲಿ ಒಪ್ಪಂದದ ಬಳಿಕ ಅವರ ಮರಳಿಕೆ ಸಾಗಿ, 1974ರಲ್ಲಿ ಮುಗಿಯಿತು.

ಯುದ್ಧನಿಯಮಗಳು ಇಂದಿಗೂ ಅನೇಕ ಕಡೆ ಭಂಗವಾಗುತ್ತಿರುವಾಗ ಅವುಗಳಿಂದ ಪ್ರಯೋಜನವೇನೆಂದು ಕೇಳುವವರಿದ್ದಾರೆ. ಕುರುಕ್ಷೇತ್ರದಲ್ಲಿಯೂ ಕಟ್ಟಳೆಗಳು ಉಳಿಯಲಿಲ್ಲ. ಬಾಲಕ ಅಭಿಮನ್ಯುವನ್ನು ಅನೇಕ ಮಹಾರಥರು ಸುತ್ತುವರಿದು ಕೊಂದರು. ಆದರೆ ಕಟ್ಟಳೆಯೊಂದು ಇದ್ದುದರಿಂದಲೇ ಅದು ಅಧರ್ಮವೆಂದು ಲೋಕ ಇಂದಿಗೂ ಹೇಳುತ್ತದೆ. ಕಟ್ಟಳೆಯೇ ಇಲ್ಲದಿದ್ದರೆ ಅದು ಕೇವಲ ಒಂದು ಗೆಲುವಾಗಿ ಉಳಿಯುತ್ತಿತ್ತು. ಶ್ರೀಮದಾಚಾರ್ಯರು 32 ಅಧ್ಯಾಯಗಳ ಮಹಾಭಾರತ ತಾತ್ಪರ್ಯ ನಿರ್ಣಯವನ್ನು ರಚಿಸಿ, ಭಾರತವು ಕೇವಲ ಕದನದ ಕಥೆಯಲ್ಲವೆಂದು ತೋರಿಸಿಕೊಟ್ಟಿದ್ದಾರೆ. ಎದುರಾಳಿಯು ಧರ್ಮವನ್ನು ಬಿಟ್ಟಾಗಲೂ ತಾನು ಬಿಡದಿರುವುದೇ ಧರ್ಮಪಾಲನೆ ಎಂಬ ವಿವೇಕವನ್ನು ಶ್ರೀಹರಿವಾಯುಗುರುಗಳು ಸಕಲ ಜನಾಂಗಗಳಿಗೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥